ಚದುರಿದ ದಂಡು ಮತ್ತು ದಿವಾನ್ ಪೂರ್ಣಯ್ಯನವರು

ಕ್ರಿ.ಶ. 1799ನೆಯ ಇಸವಿ ಮೇ ತಿಂಗಳ 4ನೆಯ ದಿನ ಶ್ರೀರಂಗಪಟ್ಟಣದ ಕೋಟೆ ಶತ್ರುಗಳ ವಶವಾಯಿತು. ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಮರುದಿನ ಸೈನಿಕ ಮರ್ಯಾದೆಯೊಡನೆ ಅವನ ದೇಹವನ್ನು ಗಂಜಾಮಿನ ಗುಂಬಜಿನಲ್ಲಿ, ತಂದೆ ಹೈದರನ ಮಗ್ಗುಲಲ್ಲಿ, ಭೂಗತಗೊಳಿಸಲಾಯಿತು. ಇತಿಹಾಸದ ಪಾಠಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಅಧ್ಯಾಯವನ್ನು ಮುಗಿಸಿ, ಮುಂದಿನ ಪುಟದಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕದಿಂದ ಹೊಸ ಅಧ್ಯಾಯವನ್ನು ಆರಂಭಿಸುತ್ತವೆ. ಆದರೆ ಆ ಎರಡು ಪುಟಗಳ ನಡುವೆ ಒಂದು ದೊಡ್ಡ ಪ್ರಶ್ನೆ ಉಳಿದಿದ್ದಿತು. ಅರಸನಿಲ್ಲದ, ಸಂಬಳವಿಲ್ಲದ, ಕೈಯಲ್ಲಿ ಮಾತ್ರ ಕತ್ತಿ ಕೋವಿಗಳಿದ್ದ ಹತ್ತಾರು ಸಾವಿರ ಮಂದಿ ಯೋಧರು ಏನಾಗಬೇಕು? ಆ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಬಿದ್ದುದು ಸೋತ ಅರಸನ ಹಣಕಾಸಿನ ಮಂತ್ರಿಯಾಗಿದ್ದ ಐವತ್ತಮೂರು ವರ್ಷದ ಪೂರ್ಣಯ್ಯನವರ ಮೇಲೆ.

ಪೂರ್ಣಯ್ಯನವರು ಜನಿಸಿದುದು 1746ರಲ್ಲಿ, ಕೊಯಮತ್ತೂರು ಸೀಮೆಯಲ್ಲಿ. ಮಾಧ್ವ ಬ್ರಾಹ್ಮಣ ಕುಟುಂಬ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಶ್ರೀರಂಗಪಟ್ಟಣದ ಅರಮನೆಗೆ ಸರಕು ಒದಗಿಸುತ್ತಿದ್ದ ಅನ್ನದಾನ ಶೆಟ್ಟಿಯ ಅಂಗಡಿಯಿಂದ ಹೈದರಾಲಿಯ ಖಜಾನೆಗೆ ಅವರ ದಾರಿ ತೆರೆಯಿತು. ಅಕ್ಷರ ಸುಂದರ, ಲೆಕ್ಕ ನಿರ್ದುಷ್ಟ, ಜ್ಞಾಪಕಶಕ್ತಿ ಅಸಾಧಾರಣ. ಕನ್ನಡ, ತಮಿಳು, ಮರಾಠಿ, ಪಾರಸಿಗಳಲ್ಲಿ ಸರಾಗವಾದ ವ್ಯವಹಾರ. ಇಷ್ಟು ಸಂಪತ್ತಿನಿಂದ ಅವರು ಮೇಲೇರಿದರು. ಕುಲ, ಬಂಧುಬಲ, ಪೂರ್ವಾರ್ಜಿತ ಆಸ್ತಿ, ಯಾವುದೂ ಅವರ ಬೆನ್ನಿಗಿರಲಿಲ್ಲ.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ, ಟಿಪ್ಪು ದೂರದ ಮಲಬಾರಿನಲ್ಲಿದ್ದನು. ದೊರೆ ಸತ್ತ ಸುದ್ದಿ ಹರಡಿದರೆ ದಂಡು ಒಡೆಯುತ್ತದೆ, ಸಂಬಳದ ಬಾಕಿಗಾಗಿ ಸೈನಿಕರು ಖಜಾನೆಗೇ ಕೈಯಿಕ್ಕುತ್ತಾರೆ ಎಂಬುದನ್ನು ಪೂರ್ಣಯ್ಯನವರೂ ಅವರ ಸಹೋದ್ಯೋಗಿ ಕೃಷ್ಣರಾಯರೂ ಬಲ್ಲವರಾಗಿದ್ದರು. ಶವವನ್ನು ಪೆಟ್ಟಿಗೆಯಲ್ಲಿರಿಸಿ ಖಜಾನೆಯ ಸಾಮಾನಿನಂತೆ ಕೋಲಾರಕ್ಕೆ ಸಾಗಿಸಿ, ಟಿಪ್ಪು ಬರುವವರೆಗೂ ನಿತ್ಯದ ದರಬಾರಿನ ವಿಧಿಗಳನ್ನು ತಪ್ಪದೆ ನಡೆಸಿದರು. ಈ ಕಥೆಯನ್ನು ಜನರು ಜಾಣ್ಮೆಯ ಕಥೆಯೆಂದು ಹೇಳುವುದುಂಟು. ವಾಸ್ತವವಾಗಿ ಇದು ದಂಡನ್ನು ಕುರಿತ ಪಾಠ. ಸೈನ್ಯವೆಂಬುದು ಒಡೆಯನ ಹೆಸರಿನಿಂದಲೂ ತಿಂಗಳ ಸಂಬಳದಿಂದಲೂ ಮಾತ್ರ ಒಂದಾಗಿ ನಿಂತಿರುತ್ತದೆ, ಎರಡರಲ್ಲಿ ಒಂದು ಕಡಿದರೂ ಅದು ಗುಂಪಾಗುತ್ತದೆ ಎಂಬುದನ್ನು ಅವರು ಮೂವತ್ತಾರನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡರು.

ಇನ್ನೊಂದು ಪಾಠ 1792ರದು. ಮೂರನೆಯ ಮೈಸೂರು ಯುದ್ಧದ ಕೊನೆಯಲ್ಲಿ ಕಾರ್ನ್‌ವಾಲಿಸನು ವಿಧಿಸಿದ ಒಪ್ಪಂದದಂತೆ ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು. 3 ಕೋಟಿ 30 ಲಕ್ಷ ರೂಪಾಯಿಗಳ ಯುದ್ಧದಂಡವನ್ನು ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಆ ಹಣದ ಬಹುಭಾಗವು ಕೊನೆಗೆ ರೈತರ, ವರ್ತಕರ, ಉದ್ಯೋಗಸ್ಥರ ಮೇಲೆ ಬಿದ್ದಿತು. ಗೆದ್ದವರಿಗೆ ಸಲ್ಲಬೇಕಾದ ಪರಿಹಾರವನ್ನು ಸೋತವರ ಪ್ರಜೆಗಳು ತೆತ್ತರು. ಬಲಾತ್ಕಾರವಾಗಿ ವಸೂಲಾದ ಆ ಹಣದ ಲೆಕ್ಕವೆಲ್ಲ ಪೂರ್ಣಯ್ಯನವರ ಕಛೇರಿಯ ಮೂಲಕವೇ ಸಾಗಿದ್ದಿತು. ಯುದ್ಧದ ಪರಿಹಾರವೆಂದರೆ ಏನೆಂಬುದು ಅವರಿಗೆ ಗ್ರಂಥಗಳಿಂದ ತಿಳಿದ ಸಂಗತಿಯಾಗಿರಲಿಲ್ಲ.

ಈಗ 1799ರ ಬೇಸಗೆಗೆ ಬರಬಹುದು. ಪಟ್ಟಣ ಬಿದ್ದ ಕೆಲವೇ ದಿನಗಳಲ್ಲಿ ಟಿಪ್ಪುವಿನ ಹಿರಿಯ ಮಗ ಫತೇಹೈದರನೂ, ಸೇನಾನಿ ಮೀರ್ ಕಮರುದ್ದೀನನೂ, ಪೂರ್ಣಯ್ಯನವರೂ ಶರಣಾಗತರಾದರು. ಆ ಹೊತ್ತಿನಲ್ಲಿ ಪೂರ್ಣಯ್ಯನವರು ಮಂಡಿಸಿದ ಮೊದಲ ಸಲಹೆ ಫತೇಹೈದರನಿಗೇ ಪಟ್ಟ ಕಟ್ಟಬೇಕೆಂಬುದಾಗಿತ್ತು ಎಂಬ ಸಂಗತಿಯನ್ನು ಹಲವರು ಮರೆಯುತ್ತಾರೆ. ಸೈನ್ಯದ ನಿಷ್ಠೆಯು ಆ ಮನೆತನದ ಕಡೆಗಿತ್ತು. ಆ ಮನೆತನವನ್ನು ಕೈಬಿಟ್ಟರೆ ದಂಡನ್ನು ಸಮಾಧಾನಗೊಳಿಸುವುದು ಕಷ್ಟವೆಂದು ಅವರು ಎಣಿಸಿದ್ದರು. ಇಂಗ್ಲಿಷರ ಆಯೋಗವು ಅದನ್ನು ಒಪ್ಪಲಿಲ್ಲ. ಹೈದರನು ಮೂಲೆಗುಂಪು ಮಾಡಿದ್ದ ಒಡೆಯರ ವಂಶವನ್ನೇ ಮರಳಿ ಸ್ಥಾಪಿಸಲು ನಿಶ್ಚಯವಾಯಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ದೀರ್ಘಕಾಲ ಇಂಗ್ಲಿಷರೊಡನೆ ಸಂಧಾನ ನಡೆಸಿದ ತಿರುಮಲರಾಯರು ದಿವಾನಗಿರಿಯನ್ನು ನಿರೀಕ್ಷಿಸಿದ್ದುದು ಸಹಜವೇ. ಆದರೆ ಬ್ಯಾರಿ ಕ್ಲೋಸ್ ಮೊದಲಾದವರು ಆರಿಸಿದುದು ಪೂರ್ಣಯ್ಯನವರನ್ನು. ದೇಶದ ಕಂದಾಯವೂ ದಂಡಿನ ಹಾಜರಿಪಟ್ಟಿಯೂ ಅವರ ತಲೆಯಲ್ಲಿದ್ದುದರಿಂದ. 1799ರ ಜೂನ್ 30ರಂದು ಮೈಸೂರಿನಲ್ಲಿ ಬಾಲರಾಜರ ಪಟ್ಟಾಭಿಷೇಕ ನೆರವೇರಿತು. ಹಿಂದೆ ಹೈದರ್ ಟಿಪ್ಪುಗಳ ಅನ್ನ ಉಂಡವರು ಈಗ ಒಡೆಯರ ದಿವಾನರಾದರು.

ಇದನ್ನು ಸ್ವಾಮಿದ್ರೋಹವೆಂದು ಕರೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅದರ ಪರವಿರೋಧಗಳನ್ನು ತೂಗುವವರು ಅವರು ಮುಂದೆ ನಡೆಸಿದ ಕಾರ್ಯವನ್ನೂ ತಕ್ಕಡಿಯಲ್ಲಿಡುವುದು ನ್ಯಾಯ.

ಹೊಸ ರಾಜ್ಯದ ಆದಾಯವನ್ನು ಒಪ್ಪಂದದ ಪಟ್ಟಿಯಲ್ಲಿ 13,74,076 ಕಂಠೀರಾಯಿ ವರಹಗಳೆಂದು ಕಾಣಿಸಲಾಗಿತ್ತು. ಅದರಲ್ಲಿ ವರ್ಷಕ್ಕೆ 7 ಲಕ್ಷ ಸ್ಟಾರ್ ವರಹಗಳನ್ನು ಕಂಪನಿಗೆ ಪೊಗದಿಯಾಗಿ ಕೊಡಬೇಕಾಗಿತ್ತು. ಎಂದರೆ ಅರ್ಧಕ್ಕಿಂತಲೂ ಹೆಚ್ಚು. ಉಳಿದುದರಲ್ಲಿ ಅರಮನೆ, ಆಡಳಿತ, ಕೆರೆಕಟ್ಟೆಗಳ ದುರಸ್ತಿ, ಮತ್ತು ಈ ಕೆಲಸವಿಲ್ಲದ ಯೋಧರು. ಹೈದರ್ ಟಿಪ್ಪುಗಳ ಕುಟುಂಬದವರ ಪೋಷಣೆಗೆಂದು ಕಂಪನಿಯು 2,40,000 ಕಂಠೀರಾಯಿ ವರಹಗಳನ್ನು ಗೊತ್ತುಮಾಡಿ ಅವರನ್ನು ವೆಲ್ಲೂರಿಗೆ ಸಾಗಿಸಿತು; ಮೀರ್ ಕಮರುದ್ದೀನನಿಗೆ ಗುರ್ರಂಕೊಂಡದ ಜಹಗೀರು ದೊರೆಯಿತು. ಮಡಿದ ಸರದಾರರ ಕುಟುಂಬಗಳಿಗೂ ಉಳಿದ ಹಿರಿಯ ಅಧಿಕಾರಿಗಳಿಗೂ ವರ್ಷಾಶನಗಳಾದವು. ದೊಡ್ಡವರ ವ್ಯವಸ್ಥೆ ಹೀಗೆ ಕಾಗದದ ಮೇಲೆ ಸುಲಭವಾಗಿ ಮುಗಿಯಿತು. ಸಾಮಾನ್ಯ ಸವಾರನೂ ಕಾಲಾಳೂ ಯಾವ ಒಪ್ಪಂದದ ಯಾವ ಕಲಮಿನಲ್ಲಿಯೂ ಇರಲಿಲ್ಲ.

ಅವರನ್ನು ಮರೆತುದರ ಫಲ ಕೂಡಲೇ ಕಾಣಿಸಿತು. ಚನ್ನಗಿರಿಯ ಕಡೆಯ ಮರಾಠನಾದ ಧೋಂಡಿಯಾ ವಾಘನು ಹಿಂದೆ ಹೈದರನ ಕುದುರೆಪಡೆಯಲ್ಲಿದ್ದವನು. ಟಿಪ್ಪುವಿನ ಸೆರೆಮನೆಯಲ್ಲಿದ್ದು, ಪಟ್ಟಣ ಬಿದ್ದ ದಿನ ಹೊರಬಿದ್ದನು. ಅವನ ಸುತ್ತ ಸೇರಿದವರು ಬೇರೆ ಯಾರೂ ಅಲ್ಲ, ಬೀದಿಪಾಲಾದ ಸವಾರರೇ. ಬಿದನೂರು ಸೀಮೆಯ ಊರುಗಳು ಸೂರೆಯಾದವು. 1799ರ ಆಗಸ್ಟಿನಲ್ಲಿ ಸೋಲನ್ನನುಭವಿಸಿ ತುಂಗಭದ್ರೆಯಾಚೆ ಓಡಿದರೂ, ಮರುವರ್ಷ ಮತ್ತೆ ಸಹಸ್ರಾರು ಕುದುರೆಗಳನ್ನು ಕೂಡಿಸಿ ತನ್ನನ್ನು ಉಭಯಲೋಕಗಳ ಅಧಿಪತಿಯೆಂದು ಕರೆದುಕೊಂಡನು. ಆರ್ಥರ್ ವೆಲ್ಲೆಸ್ಲಿ ಅವನನ್ನು ಬೆನ್ನಟ್ಟಿ, 1800ನೆಯ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಕೊಂದನು. ಆ ದಂಡಯಾತ್ರೆಗೆ ಧಾನ್ಯ, ಎತ್ತು, ಸವಾರರನ್ನು ಒದಗಿಸಿದವರು ಪೂರ್ಣಯ್ಯನವರು. ಯುದ್ಧ ಮುಗಿದ ಮೇಲೆ ಶತ್ರುವಿನ ಸಾಮಾನುಗಳ ನಡುವೆ ಅವನ ಎಳೆಯ ಮಗ ಸಲಾಬತ್ ಖಾನನು ಸಿಕ್ಕಿದನು. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ಕರೆತರಿಸಿ ಸಾಕಿಸಿದನು. 1805ರಲ್ಲಿ ಭಾರತವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನು ಇರಿಸಿ ಹೋದನು. ಮುಂದೆ ಆ ಹುಡುಗನಿಗೆ ಮೈಸೂರು ಅರಸರ ಚಾಕರಿಯೇ ದೊರೆಯಿತು. 1822ರಲ್ಲಿ ವಾಂತಿಭೇದಿಯಿಂದ ತೀರಿಕೊಳ್ಳುವವರೆಗೂ ಅವನು ಆ ಸೇವೆಯಲ್ಲಿದ್ದನು. ತಂದೆ ಸುಲಿದ ರಾಜ್ಯದಲ್ಲಿ ಮಗನು ಉಪ್ಪುಂಡು ಬಾಳಿದನು.

ಪೂರ್ಣಯ್ಯನವರು ಧೋಂಡಿಯಾ ಪ್ರಕರಣದಿಂದ ಕಂಡುಕೊಂಡುದು ಇಷ್ಟು: ಕೈಯಲ್ಲಿ ಕತ್ತಿಯಿದ್ದವನಿಗೆ ನಾವು ಅನ್ನ ಹಾಕದಿದ್ದರೆ ಇನ್ನೊಬ್ಬ ಧೋಂಡಿಯಾ ಹಾಕುತ್ತಾನೆ. ಟಿಪ್ಪುವಿನ ಕುದುರೆಪಡೆಯ ಆಯ್ದ ಸವಾರರನ್ನು ಅವರು ಹೊಸ ಸರ್ಕಾರದ ಲೆಕ್ಕಕ್ಕೆ ತೆಗೆದುಕೊಂಡರು. ಇವರಲ್ಲಿ ಬಹುಮಂದಿ ಸಿಲ್ಲೇದಾರರು. ಕುದುರೆಯೂ ಆಯುಧವೂ ಸ್ವಂತದ್ದು, ಸಂಬಳ ಮಾತ್ರ ಸರ್ಕಾರದ್ದು. ಕುದುರೆ ಸತ್ತರೆ ನಷ್ಟ ಸವಾರನದೇ ಆದುದರಿಂದ ಅವನು ಹುಚ್ಚಾಟಕ್ಕೆ ಇಳಿಯುವುದಿಲ್ಲ. ಮನೆತನಕ್ಕೆ ಒಂದು ಮರ್ಯಾದೆಯೂ ಉಳಿಯುತ್ತದೆ. ಕಾಲಾಳುಗಳಲ್ಲಿ ಕೆಲವರು ಹೊಸ ಬಾರಿನ ಪಡೆಗೆ ಸೇರಿದರು. 1803ರ ಮರಾಠಾ ಯುದ್ಧದಲ್ಲಿ ಬಿಷ್ಣಪ್ಪ ಪಂಡಿತನ ನಾಯಕತ್ವದಲ್ಲಿ ಈ ಮೈಸೂರು ಸವಾರರು ವೆಲ್ಲೆಸ್ಲಿಯೊಡನೆ ಉತ್ತರಕ್ಕೆ ನಡೆದರು. ನಾಲ್ಕು ವರ್ಷದ ಹಿಂದೆ ಯಾರ ವಿರುದ್ಧ ಹೋರಾಡಿದ್ದರೋ ಅವರ ಪಕ್ಕದಲ್ಲಿಯೇ ಕುದುರೆ ಹೂಡಿದರು. 1807ರ ಒಪ್ಪಂದವು 4,000 ಕುದುರೆಗಳನ್ನು ಸದಾ ಸಿದ್ಧವಾಗಿಡಬೇಕೆಂದು ಮೈಸೂರಿಗೆ ವಿಧಿಸಿತು. ಇದರಿಂದ ಲಾಭವಾದುದು ಕಂಪನಿಗೆ ಎಂಬ ಟೀಕೆ ಸರಿಯಾದುದೇ. ಆದರೆ ಅಷ್ಟು ಮಂದಿ ಸವಾರರ ಒಲೆ ಆರಲಿಲ್ಲವೆಂಬುದೂ ಸರಿಯೇ.

ಸವಾರರಿಗಿಂತ ಕಠಿಣವಾದ ಸಮಸ್ಯೆ ಹಳ್ಳಿಗಳದು. ತುಮಕೂರು ಸೀಮೆಯ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಲವಾಡಿಯ ನಾಯಕರು, ನಿಡುಗಲ್ಲಿನ ನಾಯಕರು, ಮಧುಗಿರಿ ಮಿಡಿಗೇಶಿಗಳ ಪ್ರಭುಗಳು, ಗುಬ್ಬಿಯನ್ನು ಕಟ್ಟಿದ ಹೊಸಹಳ್ಳಿಯ ಗೌಡರು, ಹೀಗೆ ಗುಡ್ಡಕ್ಕೊಂದು ಕೋಟೆ, ಕೋಟೆಗೊಂದು ಮನೆತನ. ಇವರು ಒಬ್ಬೊಬ್ಬರಾಗಿ ಹಿಂದಿನ ಮೈಸೂರು ಅರಸರಿಂದಲೋ ಹೈದರ್ ಟಿಪ್ಪುಗಳಿಂದಲೋ ಅಧಿಕಾರವನ್ನು ಕಳೆದುಕೊಂಡಿದ್ದರು. ಶಿರಾ ಪಟ್ಟಣದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಗಂಜಾಮಿಗೆ ಸಾಗಿಸಿದ್ದುದು ಈ ಸೀಮೆಯ ನೆನಪಿನಿಂದ ಮಾಸದ ಗಾಯ. ದಂಡುಗಳು ಹಾದುಹೋದ ದಾರಿಯ ಊರುಗಳಲ್ಲಿ ಕೆರೆಗಳು ಒಡೆದು, ಹೊಲಗಳು ಬೀಳುಬಿದ್ದಿದ್ದವು. ಈಗ ತುಮಕೂರು ನಗರದೊಳಗೆ ಸೇರಿಹೋಗಿರುವ ಮರಳೂರಿನಂತಹ ಊರುಗಳಲ್ಲಿ ಅಂದು ಕೆರೆಯೇ ಬದುಕು; ಏರಿ ಕಾಯುವವನು ಕೋವಿ ಹಿಡಿದು ಹೋದರೆ ಗದ್ದೆಗೆ ನೀರಿಲ್ಲ.

ಪೂರ್ಣಯ್ಯನವರು ಮಾಡಿದ ಮೊದಲ ಘೋಷಣೆ ಕಂದಾಯದ ಹಳೆಯ ಬಾಕಿಗಳೆಲ್ಲವೂ ಮಾಫಿಯೆಂಬುದು. ಭೂಮಿಯ ಕಂದಾಯವನ್ನು ಟಿಪ್ಪುವಿನ ಕಾಲದ ಏರಿಕೆಗಳಿಗೆ ಮುಂಚಿನ ದರಕ್ಕೆ ಇಳಿಸಲಾಗುವುದೆಂದು ಸಾರಲಾಯಿತು. ಯುದ್ಧದಿಂದ ನೊಂದ ರೈತನಿಗೆ ಅಂದಿನ ಸರ್ಕಾರವು ಕೊಡಬಹುದಾಗಿದ್ದ ಪರಿಹಾರ ಇದೊಂದೇ. ಹಣವನ್ನು ಕೈಗೆ ಕೊಡುವ ಶಕ್ತಿ ಖಜಾನೆಗಿರಲಿಲ್ಲ; ಕೈಯಿಂದ ಕಸಿಯುವುದನ್ನು ನಿಲ್ಲಿಸುವ ಶಕ್ತಿ ಇತ್ತು. ಟಿಪ್ಪುವಿನ ಆಡಳಿತದಲ್ಲಿ ಜಪ್ತಿಯಾಗಿದ್ದ ದೇವಾದಾಯ ಬ್ರಹ್ಮಾದಾಯ ಇನಾಮುಗಳನ್ನು ದಾಖಲೆ ಪರಿಶೀಲಿಸಿ ಅಂಶತಃ ಹಿಂದಿರುಗಿಸಿದರು, ಇಲ್ಲವೇ ಅದಕ್ಕೆ ಬದಲು ನಗದು ಕೊಟ್ಟರು. ಇದರಲ್ಲಿ ಅವರು ಉದಾರಿಗಳಾಗಿರಲಿಲ್ಲ. ತಮ್ಮ ಜನರ ಅರ್ಜಿಗಳನ್ನೂ ಲೆಕ್ಕದ ಕಣ್ಣಿನಿಂದಲೇ ನೋಡಿದರು. ಗಂಜಾಮಿಗೆ ಬಲಾತ್ಕಾರವಾಗಿ ತಂದಿದ್ದ ಜನರಲ್ಲಿ ಬಹುಮಂದಿ ತಮ್ಮ ತಮ್ಮ ಊರುಗಳಿಗೆ ಮರಳಿದರು. 1784ರಿಂದ ಸೆರೆಯಲ್ಲಿದ್ದ ಮಂಗಳೂರು ಸೀಮೆಯ ಕ್ರೈಸ್ತರೂ ಬಿಡುಗಡೆ ಹೊಂದಿ ಕರಾವಳಿಗೆ ಹೊರಟರು. ಲಕ್ಷ ಲಕ್ಷ ಜನರಿದ್ದರೆಂದು ಹೇಳಲಾದ ಶ್ರೀರಂಗಪಟ್ಟಣದ ದ್ವೀಪದಲ್ಲಿ 1800ರಲ್ಲಿ ಬುಕಾನನ್ ಬಂದಾಗ 32 ಸಾವಿರದಷ್ಟು ಮಂದಿ ಮಾತ್ರ ಉಳಿದಿದ್ದರು.

ಇನ್ನು ಕಂದಾಚಾರದ ವಿಷಯ. ಕಂದಾಚಾರದ ಆಳು ಎಂದರೆ ಹಳ್ಳಿಯಲ್ಲಿಯೇ ಇದ್ದು, ಸ್ವಂತ ಹೊಲವನ್ನು ಉಳುತ್ತಾ, ಕರೆ ಬಂದಾಗ ಕೋಟೆ ಕಾಯಲೋ ದಂಡಿಗೆ ಹೋಗಲೋ ಹೊರಡುವವನು. ಪಾಳೆಯಗಾರರ ಬಲವೆಲ್ಲ ಇವರಿಂದ. ಬೇಡರು, ಒಕ್ಕಲಿಗರು, ಲಿಂಗವಂತರು, ಮುಸಲ್ಮಾನರು, ಎಲ್ಲ ಕುಲದವರೂ ಆ ಸಾಲಿನಲ್ಲಿದ್ದರು. ಇವರ ಆಯುಧಗಳನ್ನು ಏಕಾಏಕಿ ಕಸಿಯಲು ಹೊರಟರೆ ಪ್ರತಿಯೊಂದು ಹಟ್ಟಿಯೂ ರಣರಂಗವಾಗುತ್ತಿತ್ತು. ಪೂರ್ಣಯ್ಯನವರು ಬೇರೊಂದು ಮಾರ್ಗವನ್ನು ಹಿಡಿದರು. ಸುಮಾರು ಇಪ್ಪತ್ತು ಸಾವಿರ ಮಂದಿಯನ್ನು ಸರ್ಕಾರದ ಹಾಜರಿಗೆ ಸೇರಿಸಿ, ಊರಲ್ಲಿರುವಾಗ ಅಲ್ಪಸ್ವಲ್ಪ ವೇತನವೋ ಅದಕ್ಕೆ ಸಮನಾದ ಭೂಮಿಯೋ, ಠಾಣೆಯ ಕೆಲಸಕ್ಕೆ ಕರೆದಾಗ ಪೂರ್ಣ ಸಂಬಳವೋ ಸಲ್ಲುವಂತೆ ಏರ್ಪಡಿಸಿದರು. ಪಾಳೆಯಗಾರನ ಬಂಟನಾಗಿದ್ದವನು ಅಮಲ್ದಾರನ ಕಾವಲುಗಾರನಾದನು. ಹಳ್ಳಿಯ ಕಳ್ಳಕಾಕರನ್ನು ಹಿಡಿಯುವ ಹೊಣೆಯೂ ಅವನದಾಯಿತು. ಕತ್ತಿ ಅವನ ಸೊಂಟದಲ್ಲಿಯೇ ಉಳಿಯಿತು. ಅದರ ಹಂಗು ಮಾತ್ರ ಬೇರೆ ಕಡೆಗೆ ತಿರುಗಿತು.

ಪಾಳೆಯಗಾರರಿಗೆ ಕೋಟೆಗಳನ್ನು ಮರಳಿಸಲಿಲ್ಲ. ಯುದ್ಧಕಾಲದಲ್ಲಿ ಇಂಗ್ಲಿಷರ ಬೆನ್ನ ಹಿಂದೆ ಬಂದು ಪೂರ್ವಜರ ಗುಡ್ಡಗಳನ್ನು ಹಿಡಿಯಲು ಆಸೆಪಟ್ಟವರು ಅನೇಕರು. ಅಂಥವರಿಗೆ ವರ್ಷಾಶನವನ್ನು ಗೊತ್ತುಮಾಡಿ, ರಾಜಧಾನಿಯಲ್ಲಿಯೋ ಸರ್ಕಾರದ ಕಣ್ಣಿಗೆ ಬೀಳುವ ಸ್ಥಳದಲ್ಲಿಯೋ ವಾಸಿಸಬೇಕೆಂದು ಷರತ್ತು ಹಾಕಿದರು. ಒಪ್ಪದವರ ಗತಿ ಬಲದ ಸೀಮೆಯಲ್ಲಿ ಕಾಣಿಸಿತು. ಪಶ್ಚಿಮಘಟ್ಟದ ಮಂಜರಾಬಾದು ಕಾಡುಗಳಲ್ಲಿ ಬೇರೂರಿದ್ದ ಪಾಳೆಯಗಾರ ವೆಂಕಟಾದ್ರಿ ನಾಯಕನು ಹೊಸ ಸರ್ಕಾರವನ್ನು ಲೆಕ್ಕಿಸಲಿಲ್ಲ. 1802ರ ಆರಂಭದಲ್ಲಿ ವೆಲ್ಲೆಸ್ಲಿಯ ಸೈನ್ಯವು ಅರಕೆರೆಯ ಕಾಡುಕೋಟೆಯನ್ನು ಭೇದಿಸಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಬಳಿಕ ಪೂರ್ಣಯ್ಯನವರ ಜನರು ಊರೂರು ತಿರುಗಿ ಆಯುಧಗಳನ್ನು ಸಂಗ್ರಹಿಸಿದರು, ಕಾಡಿನಲ್ಲಿ ದಾರಿಗಳನ್ನು ಕಡಿಸಿದರು. ತುಮಕೂರು ಸೀಮೆಯಲ್ಲಿ ಹಾಜರಿಪಟ್ಟಿಯಿಂದ ಆದ ಕೆಲಸ ಅಲ್ಲಿ ನೇಣಿನಿಂದ ಆಯಿತು. ಪೂರ್ಣಯ್ಯನವರ ಕೀರ್ತಿಯನ್ನು ಹಾಡುವವರು ಈ ಎರಡನೆಯದನ್ನು ಮುಚ್ಚಿಡಬಾರದು.

ಅವರ ದೋಷಗಳು ಬೇರೆಯೂ ಇವೆ. ಖಜಾನೆಯನ್ನು ತುಂಬಿಸುವ ಆಸಕ್ತಿ ಅವರಲ್ಲಿ ಮಿತಿಮೀರಿತ್ತು. ಅಧಿಕಾರ ಬಿಡುವ ವೇಳೆಗೆ ಅವರು ಎರಡು ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಕೂಡಿಟ್ಟಿದ್ದರೆಂಬ ಪ್ರತೀತಿಯಿದೆ. ಅದರಲ್ಲಿ ಇನ್ನಷ್ಟು ಭಾಗ ಒಡೆದ ಕೆರೆಗಳಿಗೆ ಸಲ್ಲಬಹುದಾಗಿತ್ತು. ಕಾವೇರಿಯ ನೀರನ್ನು ಮೈಸೂರಿಗೆ ತರಲೆಂದು ತೋಡಿಸಿದ ನಾಲೆ ಫಲಿಸಲಿಲ್ಲ. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿಸಿದ ಕಲ್ಲಿನ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟುದು ದೊರೆಗಳ ಮನಸ್ಸನ್ನು ಅವರು ಬಲ್ಲರೆಂಬುದಕ್ಕೆ ಸಾಕ್ಷಿ. 1807ರಲ್ಲಿ ಯಳಂದೂರು ಜಹಗೀರಾಗಿ ದೊರೆತ ಮೇಲೂ ದಿವಾನಗಿರಿಯನ್ನೇ ತಮ್ಮ ಮನೆತನಕ್ಕೆ ವಂಶಪಾರಂಪರ್ಯವಾಗಿ ಪಡೆಯಲು ಬಯಸಿದರು, ಅದು ಕೈಗೂಡಲಿಲ್ಲ. ಬಾಲರಾಜರು ಪ್ರಾಯಕ್ಕೆ ಬಂದರೂ ಆಳುವ ಅಧಿಕಾರವನ್ನು ಬಿಟ್ಟುಕೊಡಲು ಹಿಂಜರಿದರು. ರಾಜರಿಗೂ ದಿವಾನರಿಗೂ ವಿರಸ ಬೆಳೆದು, 1811ರ ಡಿಸೆಂಬರಿನಲ್ಲಿ ಅವರು ನಿವೃತ್ತರಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ನೆಲೆಸಿದರು. ಸುಮಾರು ಮೂರು ತಿಂಗಳ ಬಳಿಕ, 1812ರ ಮಾರ್ಚ್ ಕೊನೆಯಲ್ಲಿ, ಅಲ್ಲಿಯೇ ಕಾಲವಶರಾದರು. ಅವರ ವಂಶಸ್ಥರಾದ ಪಿ.ಎನ್. ಕೃಷ್ಣಮೂರ್ತಿಗಳು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಅವರು ನಿರ್ಮಿಸಿದ ವ್ಯವಸ್ಥೆಯ ಗಟ್ಟಿತನವೂ ಅದರ ದೌರ್ಬಲ್ಯವೂ ಅವರ ನಿಧನಾನಂತರ ಪರೀಕ್ಷೆಗೊಳಗಾದವು. ಅದೆಲ್ಲ ನಿಂತಿದ್ದುದು ಸಕಾಲದಲ್ಲಿ ಬಟವಾಡೆಯಾಗುವ ಹಣದ ಮೇಲೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಖಜಾನೆ ಬರಿದಾಯಿತು. ಸವಾರರ ಸಂಬಳ ತಿಂಗಳುಗಟ್ಟಲೆ ಬಾಕಿ ಬಿದ್ದಿತು. ಕಂದಾಯದ ಗುತ್ತಿಗೆಯ ಕಾಟದಿಂದ ರೈತರು ನೊಂದರು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ಮೈಸೂರಿನಲ್ಲಿ ವರ್ಷಾಶನವನ್ನುಂಡು ಕುಳಿತಿದ್ದ ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನು ಗುಟ್ಟಾಗಿ ಹೊರಟು ದಂಗೆಕೋರರನ್ನು ಸೇರಿ ಹಳೆಯ ಕೋಟೆಗಳನ್ನು ಹಿಡಿದನು. ಮೂವತ್ತು ವರ್ಷ ಸುಮ್ಮನಿದ್ದ ಮನೆತನ ಮತ್ತೆ ಎದ್ದಿತು. 1831ರ ಅಕ್ಟೋಬರಿನಲ್ಲಿ ಕಂಪನಿಯು ರಾಜ್ಯದ ಆಡಳಿತವನ್ನು ತಾನೇ ವಹಿಸಿಕೊಂಡಿತು.

ಆದರೆ ಹೊಸದಾಗಿ ಬಂದ ಕಮಿಷನರುಗಳೂ ಕಂದಾಚಾರವನ್ನು ರದ್ದು ಮಾಡಲಿಲ್ಲ. ಅದೇ ಜನರನ್ನು ಹಳ್ಳಿಗಾಡಿನ ಪೊಲೀಸು ಕೆಲಸಕ್ಕೆ ಬಳಸಿಕೊಂಡರು. ಸಿಲ್ಲೇದಾರರಿಗೆ ಬಾಕಿ ಸಂಬಳವನ್ನು ತೀರಿಸಿ, ಸಂಖ್ಯೆಯನ್ನು ಮೆಲ್ಲಮೆಲ್ಲನೆ ಇಳಿಸಿದರು. ಆ ಸವಾರರಿಗೆ ಬೇಕಾದ ಕುದುರೆಗಳನ್ನು ಸಾಕುತ್ತಿದ್ದುದು ಕುಣಿಗಲ್ಲಿನ ಅಶ್ವಶಾಲೆಯಲ್ಲಿ. ಟಿಪ್ಪುವಿನ ಕಾಲದಿಂದಲೂ ಅಲ್ಲಿ ಕುದುರೆಗಳಿದ್ದವು. 1892ರಲ್ಲಿ ಸಿಲ್ಲೇದಾರರ ಆಯ್ದ ಭಾಗವನ್ನು ಮೈಸೂರು ಲ್ಯಾನ್ಸರ್ಸ್ ಪಡೆಯಾಗಿ ಪುನರ್ರಚಿಸಿದಾಗ, ಅವರಲ್ಲಿ ಅನೇಕರು ತಂದೆ ತಾತಂದಿರ ಕಾಲದಿಂದಲೂ ಸರ್ಕಾರದ ಸವಾರರಾಗಿದ್ದ ಮನೆತನಗಳವರೇ ಆಗಿದ್ದರು.